ಅರಿಶಿನಿಯ ನೀರು

"ಬಸ್ವೇಶಾ, ಬಾರ್ಲಾ ಇಲ್ಲಿ! ಅರಿಶಿನಿ ಗಂಡನ್ನ ಅಟ್ಟಾಡಿಸ್ಕಂಡು ಕಚ್ತಾವ್ಳೆ!"

ಚನ್ನಾಜಮ್ಮನ ಕೂಗು ಕೇಳಿ ಬಸವೇಶ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹಿತ್ತಲಿನಿಂದ ಓಡಿ ಬಂದ. ನಡುಮನೆಯ ಮೂಲೆಯಲ್ಲಿದ್ದ ಗಾಜಿನ ತೊಟ್ಟಿಯ ಮುಂದೆ ಅವನ ತಾಯಿ ಮಣೆ ಹಾಕಿಕೊಂಡು ಕೂತಿದ್ದಳು. ಬಾದಾಮಿ ಎಲೆ ನೆನೆದು ತೊಟ್ಟಿಯ ನೀರು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಕಿರುಬೆರಳಿಗಿಂತ ಚಿಕ್ಕದಾದ ಹೆಣ್ಣು ಮೀನು ನಿನ್ನೆಯವರೆಗೂ ಮಾಸಲು ಬಣ್ಣದಲ್ಲಿತ್ತು. ಇವತ್ತು ಮೈತುಂಬ ಅರಿಶಿನ ಬಳಿದುಕೊಂಡಂತೆ ಹೊಳೆಯುತ್ತಿತ್ತು. ತನಗಿಂತ ಎರಡರಷ್ಟು ದೊಡ್ಡದಾದ, ಬಾಲದಂಚಿಗೆ ಕೆಂಪಿದ್ದ ಗಂಡನ್ನು ಅದು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಅಟ್ಟುತ್ತಿತ್ತು. ಗಂಡು ಒಂದು ಮೂಲೆಗೆ ಒತ್ತಿಕೊಂಡು, ರೆಕ್ಕೆಗಳನ್ನೆಲ್ಲ ಮಡಚಿ ಸುಮ್ಮನೆ ನಿಂತುಬಿಟ್ಟಿತು.

"ತೆಂಗಿನ ಚಿಪ್ಪಿನೊಳಗೆ ಮೊಟ್ಟೆ ಇಟ್ಟಿರ್ಬೇಕು ಅವ್ವ," ಎಂದ ಬಸವೇಶ್. ಪೇಸ್ಟಿನ ನೊರೆ ಬನಿಯನ್ನಿನ ಮೇಲೆ ಬಿತ್ತು.

"ಅದ ನೀ ಯೋಳ್ಬೇಕಾ? ಬಾಣ್ತಿ ಕ್ವಾಣೆ ತಾವ ಗಂಡಸ್ರಿಗೇನ್ಲಾ ಕೆಲ್ಸ? ಮೊದ್ಲು ಅವನ್ನ ಈಚೆಗೆ ತಗಿ. ಆಮೇಲೆ ನೀನೂ ಬಾಯಿ ತೊಳ್ಕೊ ಓಗು."

ಅಡುಗೆಮನೆಯಿಂದ ಅವನ ಹೆಂಡತಿ ಶಿವರಂಜನಿ ನಕ್ಕದ್ದು ಕೇಳಿಸಿತು.

ಬಸವೇಶ್ ಗಂಡು ಮೀನನ್ನು ಬಲೆಯಲ್ಲಿ ಎತ್ತಿ ಪಕ್ಕದ ಸಣ್ಣ ತೊಟ್ಟಿಗೆ ಬಿಟ್ಟ. ಮೊಟ್ಟೆ ಇಟ್ಟಿತೆಂಬ ಸಂತೋಷಕ್ಕಿಂತ, ಈ ಸಲವೂ ತಪ್ಪಿದರೆ ಗತಿಯೇನು ಎಂಬ ಭಯವೇ ಅವನಿಗೆ ಹೆಚ್ಚಾಗಿತ್ತು.

ಗಪ್ಪಿ, ಮೋಲಿಯಂಥ ಮೀನುಗಳಾದರೆ ಯಾರ ಮನೆಯ ಬಕೆಟ್ಟಿನಲ್ಲಿ ಬೇಕಾದರೂ ಮರಿ ಹಾಕುತ್ತವೆ. ಇವು ಬೇರೆ. ದಕ್ಷಿಣ ಅಮೆರಿಕದ ಕಾಡುಹೊಳೆಗಳ ಕುಳ್ಳ ಸಿಕ್ಲಿಡ್ ಜಾತಿ. ಸಾಕುವವರು ಅಪಿಸ್ಟೊ ಎನ್ನುತ್ತಾರೆ. ನಂಜನಗೂಡಿನ ಬೋರ್‌ವೆಲ್ ನೀರಿನಲ್ಲಿ, ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುವ ಆ ನೀರಿನಲ್ಲಿ, ಇವು ಬದುಕುತ್ತವೆ, ಮೊಟ್ಟೆಯನ್ನೂ ಇಡುತ್ತವೆ. ಆದರೆ ಮೊಟ್ಟೆ ಬೆಳ್ಳಗಾಗಿ ಬೂಸಲು ಹಿಡಿಯುತ್ತದೆಯೇ ಹೊರತು ಒಡೆಯುವುದಿಲ್ಲ. ನೀರು ಸುಣ್ಣವಿಲ್ಲದೆ ಮೆದುವಾಗಿರಬೇಕು, ಎಲೆ ಕೊಳೆತು ಸ್ವಲ್ಪ ಹುಳಿಯಾಗಿರಬೇಕು, ಬೆಚ್ಚಗಿರಬೇಕು. ಸುತ್ತ ಗದ್ದಲವಿರಬಾರದು, ಹೆದರಿದರೆ ತಾಯಿಯೇ ತನ್ನ ಮೊಟ್ಟೆಗಳನ್ನು ತಿಂದುಬಿಡುತ್ತದೆ.

ಈ ಜೋಡಿಯನ್ನು ಕೊಟ್ಟವನು ಟಿ. ನರಸೀಪುರದ ಪ್ರೇಮ್‌ಕುಮಾರ್. ಮೈಸೂರಿನ ಸಂಜೆ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬಿ.ಕಾಂ. ಓದಿದವರು. ಈಗ ಅವನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಬಸವೇಶನದು ದೇವಸ್ಥಾನದ ಬೀದಿಯಲ್ಲಿ ತಂದೆಯ ಕಾಲದ ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ. ಮೀನಿನ ಚೀಲವನ್ನು ಕೈಗೆ ಕೊಡುವಾಗಲೇ ಪ್ರೇಮ್‌ಕುಮಾರ್ ಹೇಳಿದ್ದ: "ಲೇ ಬಸ್ವಾ, ಇದು ದಾನಪತ್ರ ಅಲ್ಲ ಕಣೋ, ಗುತ್ತಿಗೆ. ಹೆಣ್ಣಿಗೆ ವಯಸ್ಸಾಗ್ತಾ ಬಂತು, ಈ ತಳಿ ಮತ್ತೆ ನಂಗೆ ಸಿಗಲ್ಲ. ನಿನ್ ಕೈಲಿ ಮರಿ ಉಳೀಲಿಲ್ಲ ಅಂದ್ರೆ ಜೋಡಿ ವಾಪಸ್ ನನ್ ಖಾತೆಗೆ." ಬಸವೇಶ್ ಒಪ್ಪಿದ್ದ. ಮೊದಲ ಸಲ ಮರಿಗಳು ಹೋದಾಗ ಪ್ರೇಮ್‌ಕುಮಾರ್ ಏನೂ ಅನ್ನಲಿಲ್ಲ. ಎರಡನೆಯ ಸಲ ಹೋದಾಗ "ಇನ್ನೊಂದು ಸಲ ನೋಡು" ಎಂದಿದ್ದ. ಇದೇ ಆ ಇನ್ನೊಂದು ಸಲ.

ಮೀನು ವಾಪಸ್ಸು ಹೋದರೆ ತನಗೆ ಬೇಸರವಾಗುತ್ತದೆ, ಅಷ್ಟೇ ಎಂದು ಬಸವೇಶ್ ಅಂದುಕೊಳ್ಳಬಹುದಿತ್ತು. ಆದರೆ ಅವ್ವನ ಕಥೆ ಬೇರೆ. ಅಪ್ಪ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿ, ಗೋಡೆ ನೋಡುತ್ತ ಕೂತಿರುತ್ತಿದ್ದವಳು ಈ ಮೀನುಗಳು ಬಂದಮೇಲೆ ಗಾಜು ನೋಡುತ್ತ ಕೂರತೊಡಗಿದ್ದಳು. ಹೆಣ್ಣಿಗೆ ಅರಿಶಿನಿ ಎಂದೂ ಗಂಡಿಗೆ ಯಜಮಾನ ಎಂದೂ ಹೆಸರಿಟ್ಟಳು. ಬೆಳಿಗ್ಗೆ ಎದ್ದು ಹೊಳೆಗೆ ಹೋಗಿ ಸ್ನಾನ ಮಾಡಿ, ತವರೂರಾದ ಹದಿನಾರು ಹಳ್ಳಿಯಿಂದ ಮದುವೆಯಲ್ಲಿ ತಂದಿದ್ದ ತಾಮ್ರದ ಬಿಂದಿಗೆಯಲ್ಲಿ ಕಪಿಲೆಯ ನೀರು ತರುವುದು ಅವಳ ಎಷ್ಟೋ ವರ್ಷದ ರೂಢಿ. ಮೀನಿಗೆ ಮೆದು ನೀರು ಬೇಕೆಂದು ಬಸವೇಶ್ ಪೇಚಾಡುತ್ತಿದ್ದಾಗ ಅವಳೇ, "ಯಾಕ್ಲಾ, ನಾ ತರ ನೀರಿಲ್ವ? ಲಿಂಗಪೂಜೆಗೆ ಆಗೋದು ಇದ್ಕಾಗಲ್ವ?" ಎಂದಿದ್ದಳು. ಪೂಜೆಗೆ ತೆಗೆದು ಉಳಿದ ನೀರು ಬಿಂದಿಗೆಯಲ್ಲೇ ರಾತ್ರಿಯಿಡೀ ಕೂತು ತಿಳಿಯಾಗುತ್ತಿತ್ತು. ಬಸವೇಶ್ ಅದರೊಳಕ್ಕೇ ಎರಡು ಬಾದಾಮಿ ಎಲೆ ಬಿಡುತ್ತಿದ್ದ. ಮರುದಿನ ಅವ್ವ ಅದನ್ನು ಚೊಂಬಿನಲ್ಲಿ ಮೊಗೆದು ತೊಟ್ಟಿಗೆ ಸುರಿದು, ಹುಣಸೆಹಣ್ಣು, ಉಪ್ಪು ಹಾಕಿ ಬಿಂದಿಗೆಯನ್ನು ಥಳಥಳ ಉಜ್ಜಿ, ಮತ್ತೆ ಹೊಳೆಗೆ ಹೊರಡುತ್ತಿದ್ದಳು.

ಮೊಟ್ಟೆ ಇಟ್ಟ ದಿನಗಳಲ್ಲಂತೂ ಅವಳು ಸಂಜೆಗೂ ಇನ್ನೊಂದು ಚೊಂಬು ಸುರಿಯುತ್ತಿದ್ದಳು. "ಬಾಣ್ತಿಗೆ ವಸಿ ಎಚ್ಗೆ ಬೇಕಾಯ್ತದೆ."

ಈ ಸಲ ಬಸವೇಶ್ ಯಾವ ತಪ್ಪಿಗೂ ಎಡೆಗೊಡಬಾರದೆಂದು ನಿರ್ಧರಿಸಿದ. ಹಿಂದಿನ ಸಲ ಟಾರ್ಚ್ ಹಾಕಿ ನೋಡಿದ್ದು ತಪ್ಪಾಗಿರಬೇಕೆಂದು ಟಾರ್ಚನ್ನು ಅಂಗಡಿಗೆ ಸಾಗಿಸಿದ. ಮಿಕ್ಸಿ ಸದ್ದಿಗೆ ಹೆದರಿರಬಹುದೆಂದು ಅದನ್ನು ನಿಷೇಧಿಸಿದ. ಶಿವರಂಜನಿ ಹಿತ್ತಲಿನ ಒರಳಲ್ಲಿ ಚಟ್ನಿ ರುಬ್ಬುತ್ತ, "ಮೀನಿನ ಬಾಣಂತನ ನಂಗೆ ಕಷ್ಟ," ಎಂದು ಅಕ್ಕಪಕ್ಕದವರಿಗೆ ಹೇಳಿದಳು. ಬಾಗಿಲು ದಡಾರೆನ್ನಬಾರದೆಂದು ಚಿಲಕಕ್ಕೆ ಬಟ್ಟೆ ಸುತ್ತಿದ. ತೊಟ್ಟಿಗೆ ಮೂರು ಕಡೆಯಿಂದ ಹಳೇ ಪಂಚೆ ಹೊದಿಸಿದ.

ಮೊಟ್ಟೆಗಳು ಒಡೆದವು. ತೆಂಗಿನ ಚಿಪ್ಪಿನ ಬಾಯಲ್ಲಿ ರವೆಯ ಕಾಳಿಗೆ ಬಾಲ ಬಂದಂತೆ ಮರಿಗಳು ಒಟ್ಟಾಗಿ ಮಿಡುಕಾಡಿದವು. ಅರಿಶಿನಿ ಅವನ್ನು ಬಾಯಲ್ಲಿ ಕಚ್ಚಿ ಒಂದು ಗುಳಿಯಿಂದ ಇನ್ನೊಂದು ಗುಳಿಗೆ ಸಾಗಿಸಿತು. ಚನ್ನಾಜಮ್ಮ ಹೊಳೆಯಿಂದ ಬಂದವಳೇ ಒದ್ದೆ ಸೀರೆಯಲ್ಲೇ ಗಾಜಿಗೆ ಮೂಗು ಹಚ್ಚಿ ಕೂತಳು. ಇನ್ನೇನು ಈಜಬೇಕು ಎನ್ನುವಾಗ ಮರಿಗಳು ಒಂದೊಂದಾಗಿ ಮಿಡುಕುವುದನ್ನು ನಿಲ್ಲಿಸಿದವು. ಅರಿಶಿನಿ ಇನ್ನೂ ಅವನ್ನು ಎತ್ತಿ ಎತ್ತಿ ಇಡುತ್ತಲೇ ಇತ್ತು.

"ಏಳ್ತಾನೇ ಇಲ್ವಲ್ಲೋ," ಎಂದಳು ಚನ್ನಾಜಮ್ಮ. ಅವತ್ತು ಅವಳು ತಿಂಡಿ ತಿನ್ನಲಿಲ್ಲ.

ಬಸವೇಶ್ ಅಂಗಡಿಗೆ ಹೋಗಿ ಪ್ರೇಮ್‌ಕುಮಾರನಿಗೆ ಫೋನ್ ಮಾಡಿದ. ಅವನು ಹೊಸದಾಗಿ ಮೊಬೈಲ್ ತೆಗೆದುಕೊಂಡಿದ್ದರಿಂದ ಕೂಗಿ ಮಾತಾಡುತ್ತಿದ್ದ.

"ನೀರು ಅದೇ ಹೊಳೇದೇ ತಾನೇ? ನಂಗೂ ಅದೇ ಹೊಳೆ ಕಣೋ, ನಿಮ್ಮೂರಿಂದ ಹರ್ಕೊಂಡು ನಮ್ಮೂರಿಗೆ ಬರ್ತದೆ. ಎಲೆ ಅದೇ, ಮೀನೂ ಇದೇ ಜಾತೀದು, ತಳಿ ಮಾತ್ರ ಬೇರೆ. ನನ್ ತೊಟ್ಟೀಲಿ ಉಳೀತಾವೆ, ನಿನ್ನಲ್ಲಿ ಯಾಕೋ ಉಳಿಯಲ್ಲ?"

"ನಾನೇ ಏನೋ ತಪ್ಪು ಮಾಡ್ತಾ ಇದೀನಿ ಪ್ರೇಮ್. ಬಹುಶಃ ಬನಿಯನ್ ಹಾಕ್ಕೊಂಡು ಮುಂದೆ ಹೋಗ್ಬಾರ್ದೇನೋ. ಬಿಳಿ ಬಣ್ಣಕ್ಕೆ..."

"ಬನಿಯನ್ ಬಿಚ್ಚಿ ಹೋದ್ರೆ ಇನ್ನೂ ಹೆದರ್ತಾವೆ ಬಿಡು. ಭಾನುವಾರ ಬತ್ತೀನಿ. ಚೀಲ ತರ್ತೀನಿ, ಬೇಜಾರ್ ಮಾಡ್ಕೋಬೇಡ."

ಫೋನ್ ಇಟ್ಟಾಗ ಎದುರಿಗೆ ದಾವಣಗೆರೆ ಕಡೆಯ ಯಾತ್ರಿಕರೊಬ್ಬರು ಗಿಂಡಿ ಹಿಡಿದು ನಿಂತಿದ್ದರು. ಬಸವೇಶನ ಬಾಯಿ ತಾನಾಗಿ ಆಡಿತು: "ತಗೊಳ್ಳಿ ಸಾರ್, ಅಪ್ಪಟ ತಾಮ್ರ. ಇದ್ರಲ್ಲಿ ತೀರ್ಥ ಇಟ್ರೆ ವರ್ಷವಾದ್ರೂ ಕೆಡಲ್ಲ. ಒಂದೇ ಒಂದು ಹುಳ ಬದುಕಲ್ಲ."

ಭಾನುವಾರ ಪ್ರೇಮ್‌ಕುಮಾರ್ ಪ್ಲಾಸ್ಟಿಕ್ ಚೀಲ, ಬ್ಯಾಟರಿ ಪಂಪು ಹಿಡಿದು ಬಂದ. ಚನ್ನಾಜಮ್ಮ ಕಾಫಿ ಕೊಟ್ಟಳು. ಚೀಲದ ಕಡೆ ನೋಡಲಿಲ್ಲ. ಅವನು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಥರ್ಮಾಮೀಟರ್ ನೋಡಿದ, ನೀರನ್ನು ಮೂಸಿದ, ಎಲೆ ಎತ್ತಿ ನೋಡಿದ.

"ಗಿಡದ ಜೊತೆ ಒಂದಷ್ಟು ಬಸವನಹುಳ ಬಂದಿದ್ವಲ್ಲ, ಎಲ್ಲಿ?"

"ಸತ್ತೋದ್ವು," ಎಂದ ಬಸವೇಶ್.

"ಎಲ್ಲಾವೂ? ನಮ್ಮನೇಲಿ ಸಾಯಿಸಿದ್ರೂ ಸಾಯಲ್ವಲ್ಲೋ ಅವು. ಔಷಧಿ ಏನಾದ್ರೂ ಹಾಕಿದ್ಯಾ?"

"ದೇವ್ರಾಣೆ ಇಲ್ಲ."

ಹಿತ್ತಲಿನಲ್ಲಿ ಸರಕ್ ಸರಕ್ ಎಂದು ಸದ್ದಾಗುತ್ತಿತ್ತು. ಪ್ರೇಮ್‌ಕುಮಾರ್ ತಿರುಗಿ ನೋಡಿದ. ಚನ್ನಾಜಮ್ಮ ಬಿಂದಿಗೆಗೆ ಹುಣಸೆಹಣ್ಣು ತಿಕ್ಕುತ್ತಿದ್ದಳು. ಬಿಸಿಲಿಗೆ ಅದು ಕೆಂಡದಂತೆ ಹೊಳೆಯುತ್ತಿತ್ತು. ಅವನ ಕಣ್ಣು ಬಿಂದಿಗೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಬಿಂದಿಗೆಗೆ ಹೋಯಿತು. ಏನೋ ಹೇಳಲು ಬಾಯಿ ತೆರೆದವನು ಕಾಫಿ ಲೋಟ ಎತ್ತಿಕೊಂಡ. ಈ ಮನೆಯಲ್ಲಿ ಅವನಿಗೆ ಎಲ್ಲರಂತೆಯೇ ಕಾಫಿ ಸಿಗುತ್ತಿತ್ತು. ಆದರೂ ಆ ಬಿಂದಿಗೆಯನ್ನು ಅವನೆಂದೂ ಮುಟ್ಟಿರಲಿಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ, ಮುಟ್ಟು ಎಂದೂ ಹೇಳಿರಲಿಲ್ಲ.

"ಕರ್ಕಂಡೋದೀಯಾ?" ಎಂದಳು ಚನ್ನಾಜಮ್ಮ, ಕೈ ಒರೆಸಿಕೊಳ್ಳುತ್ತ ಬಂದು. "ಓಗ್ಲಿ ಬುಡು. ನಿಂದು ನಿಂಗೆ. ವಸಿ ಮೆತ್ಗೆ ಇಡ್ಕಳಪ್ಪ. ಅವ್ಳಿಗೆ ಸಿಟ್ಟು ಜಾಸ್ತಿ."

"ಇಲ್ಲಮ್ಮ," ಎಂದ ಪ್ರೇಮ್‌ಕುಮಾರ್. "ಈಗ್ತಾನೆ ಮರಿ ಕಳ್ಕೊಂಡವ್ಳನ್ನ ಬಸ್ಸಲ್ಲಿ ಕುಲುಕಿಸ್ಕೊಂಡು ಹೋಗ್ಬಾರ್ದು. ಇನ್ನೊಂದು ಸಲ ಇಲ್ಲೇ ಮೊಟ್ಟೆ ಇಡ್ಲಿ."

ಬಸ್ ಸ್ಟ್ಯಾಂಡಿನಲ್ಲಿ ಟಿ. ನರಸೀಪುರದ ಬಸ್ಸು ಹೊರಡುವ ಹೊತ್ತಿಗೆ ಅವನು ಬಸವೇಶನ ಭುಜ ಹಿಡಿದ.

"ತಾಮ್ರ ಕಣೋ."

"ಏನು?"

"ನಿಮ್ಮ ಬಿಂದಿಗೆ. ಮೆದು ನೀರು, ಎಲೆ ಹುಳಿ, ರಾತ್ರಿಯಿಡೀ ತಾಮ್ರದಲ್ಲಿ ಇದ್ರೆ ತಾಮ್ರ ಬಿಟ್ಕೊಳ್ಳುತ್ತೆ. ಬಲಿತ ಮೀನು ತಡ್ಕೊಳ್ತಾವೆ, ಮರಿ ತಡ್ಕೊಳ್ಳಲ್ಲ. ಮೊದ್ಲು ಸಾಯೋದೇ ಬಸವನಹುಳ. ನಾನು ಒಂದ್ಸಲ ತಾಮ್ರದ ಔಷಧಿ ಹಾಕಿ ಅನುಭವ್ಸಿದೀನಿ. ನಾನು ತರೋದು ಪ್ಲಾಸ್ಟಿಕ್ ಕೊಡದಲ್ಲಿ. ಅಷ್ಟೇ ವ್ಯತ್ಯಾಸ."

ಬಸವೇಶ್ ತನ್ನ ಅಂಗಡಿಯ ದಿಕ್ಕಿಗೆ ತಿರುಗಿ ನೋಡಿದ.

"ಒಂದು ಹುಳ ಬದುಕಲ್ಲ ಸಾರ್ ಅಂತ ನೀನೇ ದಿನಾ ಕೂಗಿ ವ್ಯಾಪಾರ ಮಾಡ್ತೀಯಲ್ಲಪ್ಪ!" ಪ್ರೇಮ್‌ಕುಮಾರ್ ನಗುತ್ತ ಬಸ್ಸಿನ ಮೆಟ್ಟಿಲು ಹತ್ತಿದ. ಆಮೇಲೆ ಕಿಟಕಿಯಲ್ಲಿ ತಲೆ ಹಾಕಿ, ನಗದೆ, "ಅಮ್ಮನಿಗೆ ನೀನೇ ಹೇಳು. ನನ್ ಬಾಯಲ್ಲಿ ಬರೋದು ಬೇಡ," ಎಂದ.

ಬಸವೇಶ್ ಹೇಳಲಿಲ್ಲ. ಬೆಳಿಗ್ಗೆ ಹೇಳೋಣವೆಂದರೆ ಅವ್ವ ಪೂಜೆಗೆ ಕೂತಿರುತ್ತಿದ್ದಳು. ಸಂಜೆ ಹೇಳೋಣವೆಂದರೆ ಅರಿಶಿನಿಯ ಜೊತೆ ಮಾತಾಡುತ್ತಿರುತ್ತಿದ್ದಳು. "ಈ ಸಲ ಉಸಾರು ಕಣವ್ವ, ನಾನಿವ್ನಿ," ಎಂದು ಅವಳು ಗಾಜಿಗೆ ಹೇಳುವಾಗ, 'ನೀನಿರುವುದೇ ತೊಂದರೆ' ಎಂದು ಹೇಗೆ ಹೇಳುವುದು? ಅವಳು ಮತ್ತೆ ಗೋಡೆ ನೋಡುತ್ತ ಕೂತರೆ?

"ನೇರವಾಗಿ ಹೇಳ್ರೀ," ಎಂದಳು ಶಿವರಂಜನಿ. "ಅತ್ತೆ ನೀವಂದ್ಕೊಂಡಷ್ಟು ಗಾಜಲ್ಲ."

ಬಸವೇಶ್ ಬೇರೆ ದಾರಿ ಹಿಡಿದ. ಒಂದು ನೀಲಿ ಪ್ಲಾಸ್ಟಿಕ್ ಕೊಡ ತಂದು ಅಂಗಡಿಯ ಅಟ್ಟದಲ್ಲಿ, ಹಿತ್ತಾಳೆ ಕೊಳಗಗಳ ಹಿಂದೆ ಬಚ್ಚಿಟ್ಟ. ಅವ್ವ ಹೊಳೆಯಿಂದ ಬಂದ ಮೇಲೆ, ಅಂಗಡಿ ತೆರೆಯುವ ನೆಪದಲ್ಲಿ ತಾನು ಹೊಳೆಗೆ ಹೋಗಿ ನೀರು ತರುವುದು. "ನಾನೇ ಸುರೀತೀನಿ ಅವ್ವ, ನಿಂಗೆ ಸೊಂಟ ನೋವು" ಎಂದು ಚೊಂಬು ಇಸಿದುಕೊಂಡು, ತಾಮ್ರದ ನೀರನ್ನು ಹಿತ್ತಲಿನ ದಾಸವಾಳಕ್ಕೆ ಹಾಕಿ, ಕೊಡದ ನೀರನ್ನು ತೊಟ್ಟಿಗೆ ಸುರಿಯುವುದು. ದಾಸವಾಳ ಜೋರಾಗಿ ಚಿಗುರಿತು. ಬಸವೇಶನಿಗೆ ಅದನ್ನು ನೋಡಿದರೂ ತಪ್ಪಿತಸ್ಥನೆನಿಸುತ್ತಿತ್ತು.

ಒಂದು ಸೋಮವಾರ ಹೊಳೆಯಲ್ಲಿ ಜನ ಹೆಚ್ಚಿದ್ದು ಅವ್ವನ ಸ್ನಾನ ತಡವಾಗಿತ್ತು, ಬಸವೇಶನಿಗೆ ಅದು ಗೊತ್ತಿರಲಿಲ್ಲ. ಬಸವೇಶ್ ಮೆಟ್ಟಿಲಿಳಿದು ಕೊಡವನ್ನು ನೀರಿಗೆ ಅದ್ದಿ ತಲೆಯೆತ್ತಿದರೆ, ಎರಡು ಮೆಟ್ಟಿಲು ಮೇಲೆ ಅವ್ವ ನಿಂತಿದ್ದಳು. ಕಂಕುಳಲ್ಲಿ ಬಿಂದಿಗೆ.

"ಏನ್ಲಾ ಇದು?"

"ಅಂಗಡಿಗೆ ಅವ್ವ. ನೆಲ ಒರ್ಸಕ್ಕೆ."

"ತಾಮ್ರದಂಗ್ಡಿ ನೆಲ ಒರ್ಸಕ್ಕೆ ಒಳೆ ನೀರಾ? ಅದೂ ಪಾಸ್ಟಿಕ್ಕಲ್ಲಿ?" ಚನ್ನಾಜಮ್ಮ ಕೊಡದೊಳಗೆ ಇಣುಕಿದಳು. ನೀರಿನ ಮೇಲೆ ಒಂದು ಬಾದಾಮಿ ಎಲೆ ತೇಲುತ್ತಿತ್ತು. "ಈಚೀಚೆಗೆ ಸೊಂಟ ನೋವು ಸೊಂಟ ನೋವು ಅಂತೀಯಲ್ಲ, ನಂಗ್ಯಾವ ಸೊಂಟ ನೋವು ಅಂತ ನಾನೂ ಯೋಚ್ನೆ ಮಾಡ್ತಿದ್ದೆ. ನಾ ತರ ನೀರ್ಗೇನಾಗಿತ್ಲಾ? ಅವ್ವ ಮುಟ್ಟಿದ್ರೆ ಮೀನ್ಗೆ ಮೈಲ್ಗೆಯಾ?"

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. ಬಸವೇಶ್ ಮೊಣಕಾಲು ನೀರಿನಲ್ಲಿ ನಿಂತೇ ಎಲ್ಲವನ್ನೂ ಹೇಳಿಬಿಟ್ಟ: ತಾಮ್ರ, ಹುಳಿ, ರಾತ್ರಿ ನೆನೆಯುವುದು, ಪ್ರೇಮ್‌ಕುಮಾರ್ ನೋಡಿದ್ದು, ದಾಸವಾಳ. "ಎಲೆ ಅದರೊಳಗೆ ಬಿಟ್ಟೋನು ನಾನೇ ಅವ್ವ. ನಿಂದೇನೂ ಇಲ್ಲ," ಎಂದು ಕೊನೆಗೆ ಸೇರಿಸಿದ.

ಚನ್ನಾಜಮ್ಮ ಬಿಂದಿಗೆ ತುಂಬಿಕೊಂಡಳು. ಹತ್ತುವ ಮೊದಲು ಬಗ್ಗಿ, ಪಾಚಿ ಕಟ್ಟಿದ ಮೆಟ್ಟಿಲಿನಿಂದ ಬಸವನಹುಳಗಳನ್ನು ಬಿಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಮನೆಗೆ ಬಂದು ಪೂಜೆ ಮುಗಿಸಿ, ಎಂದಿನಂತೆ ಬಿಂದಿಗೆಯಲ್ಲಿ ಉಳಿದ ನೀರಿಗೆ ಎಲೆ ಹಾಕಿ, ಅರ್ಧ ಹುಳಗಳನ್ನು ಅದರಲ್ಲಿ ಬಿಟ್ಟಳು. ಉಳಿದರ್ಧ, ಬಸವೇಶ್ ತುಂಬಿ ತಂದಿದ್ದ ನೀಲಿ ಕೊಡಕ್ಕೆ. ಎರಡಕ್ಕೂ ತಟ್ಟೆ ಮುಚ್ಚಿ, "ಯಾರೂ ಮುಟ್ಬೇಡಿ," ಎಂದಳು.

ಮರುದಿನ ಬೆಳಗಾಗುತ್ತಲೇ ಅವಳು ತಟ್ಟೆ ತೆಗೆದಳು. ನೀಲಿ ಕೊಡದ ಹುಳಗಳು ಕೊಂಬು ಚಾಚಿಕೊಂಡು ಅದರ ಒಳಮೈ ಹತ್ತುತ್ತಿದ್ದವು. ಬಿಂದಿಗೆಯವು ತಳದಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿದ್ದವು. ಅವಳು ತೋಳನ್ನು ಭುಜದವರೆಗೂ ಒಳಗೆ ಇಳಿಸಿ ಒಂದೊಂದನ್ನೇ ಎತ್ತಿ ಕೊಡಕ್ಕೆ ಹಾಕಿದಳು.

"ಬಸವನ ಎಸ್ರಿರೋ ಉಳ ಕಣ್ಲಾ," ಎಂದಳು. "ತೀರ್ತ ಅಂತ ಉಯ್ದೆ. ಇನ್ನೂ ವಸಿ ಕುಡೀಲಿ ಅಂತ ಸಂಜೇಲೂ ಉಯ್ದೆ."

"ಅವ್ವ..."

"ತಾಳು." ಅವಳು ಕೊಡದೊಳಗೆ ನೋಡುತ್ತ ಕೂತಳು. ಬಿಸಿಲು ಹಿತ್ತಲಿಗೆ ಇಳಿಯುವ ಹೊತ್ತಿಗೆ, ಬಿಂದಿಗೆಯಿಂದ ಬಂದ ಹುಳಗಳಲ್ಲಿ ಒಂದು ಮೆಲ್ಲಗೆ ಮೈ ಹೊರಗೆ ಹಾಕಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಚನ್ನಾಜಮ್ಮ ಮೂಗು ಒರೆಸಿಕೊಂಡು ಎದ್ದಳು. "ಶಿವರಂಜ್ನಿ, ವೊಟ್ಟೆ ಅಸೀತದೆ, ಏನಾರ ಆಕವ್ವ. ಬಸ್ವೇಶ, ಆ ಕೊಡ ನನ್ಗಿರ್ಲಿ. ನಿಂಗೊಂದು ಸುಳ್ಳೇಳಕ್ಕೂ ಬರಕಿಲ್ಲ, ನೀರೂ ತರಕ್ ಬರಕಿಲ್ಲ. ದಾರಿ ತುಂಬಾ ಚೆಲ್ಕಂಡ್ ಬತ್ತೀಯ."

ಅರಿಶಿನಿ ಮತ್ತೆ ಹಳದಿಯಾಯಿತು. ಯಜಮಾನನನ್ನು ಮತ್ತೆ ಪಕ್ಕದ ತೊಟ್ಟಿಗೆ ಸಾಗಿಸಿದರು. ಬಸವೇಶ್ ಮತ್ತೆ ಚಿಲಕಕ್ಕೆ ಬಟ್ಟೆ ಸುತ್ತಲು ಹೋದಾಗ ಅವ್ವ ಅದನ್ನು ಬಿಚ್ಚಿ ಎಸೆದಳು. ಶಿವರಂಜನಿ ಮಿಕ್ಸಿ ಹಾಕಿದಳು. ಚಿಪ್ಪಿನ ಬಾಯಲ್ಲಿ ಮರಿಗಳು ಮಿಡುಕಾಡಿದವು. ಮಿಡುಕಾಟ ನಿಲ್ಲುವ ಹೊತ್ತು ಬಂದಾಗ ಬಸವೇಶ್ ನೋಡಲಾರದೆ ಹಿತ್ತಲಿಗೆ ಹೋಗಿ ದಾಸವಾಳದ ಮುಂದೆ ನಿಂತ.

"ಬಾರ್ಲಾ," ಎಂದು ಅವ್ವ ಕರೆದಳು. ಜೋರಾಗಿ ಕರೆಯಲಿಲ್ಲ.

ಕಂದು ನೀರಿನಲ್ಲಿ ಅರಿಶಿನಿ ನಿಧಾನವಾಗಿ ಈಜುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಧೂಳಿನ ಒಂದು ಸಣ್ಣ ಮೋಡ. ತಾಯಿ ತಿರುಗಿದ ಕಡೆ ಮೋಡ ತಿರುಗಿತು. ತಾಯಿ ಒಮ್ಮೆ ಮೈ ಕೊಡವಿದ್ದೇ ತಡ, ಮೋಡವೆಲ್ಲ ನೆಲಕ್ಕಿಳಿದು ಎಲೆಯ ಮೇಲೆ ಕಾಣದಂತೆ ಅಡಗಿತು.

"ಯೋಳಿದ್ ಮಾತ ಕೇಳೋ ಮಕ್ಳು," ಎಂದಳು ಚನ್ನಾಜಮ್ಮ, ಮಗನ ಕಡೆ ಓರೆಯಾಗಿ ನೋಡಿ.

ಮುಂದಿನ ಭಾನುವಾರ ಪ್ರೇಮ್‌ಕುಮಾರ್ ಬಂದಾಗ ಅವನ ಕೈಯಲ್ಲಿ ಮೀನಿನ ಚೀಲವಿರಲಿಲ್ಲ; ರಾಗಿ ಅಂಬಲಿಯಲ್ಲಿ ಬೆಳೆಸಿದ ಬಿಳಿ ಎಳೆಹುಳಗಳ ಡಬ್ಬಿಯಿತ್ತು. "ಬಾಣಂತಿ ನೋಡಕ್ಕೆ ಬರಿಗೈಲಿ ಬರ್ಬಾರ್ದಲ್ಲಮ್ಮ," ಎಂದ. ಕಡ್ಡಿಯ ತುದಿಯಲ್ಲಿ ಒಂದಿಷ್ಟು ತೆಗೆದು ನೀರಿಗೆ ಬಿಟ್ಟ. ಮೋಡ ಚದುರಿ ಮೇಯತೊಡಗಿತು. "ಆಯ್ತು ಬಿಡಿ, ಖಾತೆ ಬದಲಾವಣೆ ಆಗೋಯ್ತು. ಇನ್ನು ಅರಿಶಿನಿ ನಿಮ್ದೇ. ಮರೀಲಿ ಒಂದು ಪಾಲು ಮಾತ್ರ ನಂಗೆ."

"ಕೊಡಾನೆ," ಎಂದಳು ಚನ್ನಾಜಮ್ಮ. ಕಾಫಿ ಲೋಟ ಅವನ ಕೈಗೆ ಕೊಡುತ್ತ, "ಆವತ್ತು ನಿಂಗೆ ಗೊತ್ತಾಗಿತ್ತಲ್ವಾ? ನಂಗೇ ಯೋಳ್ಬೋದಾಗಿತ್ತು," ಎಂದಳು.

ಅವನು ಲೋಟದೊಳಗೆ ನೋಡಿದ. "ನಿಮ್ಮ ಬಿಂದಿಗೆ ವಿಷ ಅಂತ ನಾನು ಹೇಳಿದ್ರೆ... ನೀವು ಬಯ್ತಿದ್ರಿ ಅಮ್ಮ."

"ಬಯ್ತಿದ್ದೆ. ಬಯ್ಸ್ಕಂಡ್ ಯೋಳ್ಬೇಕು ಕಣಪ್ಪ." ಅವಳು ಹಿತ್ತಲಿನ ಕಡೆ ತಲೆಯಾಡಿಸಿದಳು. "ಅಲ್ಲಿ ಬಿಂದ್ಗೆ ಅದೆ, ವಸಿ ಈಚೆಗೆ ತಂದಿಡು. ಎಡವ್ ಬಿದ್ದೋಯ್ತೀನಿ ಯಾವತ್ತಾರ."

ಪ್ರೇಮ್‌ಕುಮಾರ್ ಲೋಟ ಕೆಳಗಿಟ್ಟ. ಆಮೇಲೆ ಎದ್ದು ಹೋಗಿ, ಎರಡೂ ಕೈಯಿಂದ ಎತ್ತಿ ತಂದು ಬಾಗಿಲ ಬಳಿ ಇಟ್ಟ.

ಅಂಗಡಿಯಲ್ಲಿ ಬಸವೇಶ್ ಈಗಲೂ, "ಇದ್ರಲ್ಲಿ ಒಂದೇ ಒಂದು ಹುಳ ಬದುಕಲ್ಲ ಸಾರ್," ಎನ್ನುತ್ತಾನೆ. ಆದರೆ ತಕ್ಷಣ ಮನಸ್ಸು ಚುಚ್ಚಿ, "ಮನೇಲಿ ಮೀನು ಗೀನು ಸಾಕಿಲ್ಲ ತಾನೇ?" ಎಂದು ಕೇಳುತ್ತಾನೆ. ಗಿರಾಕಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ.

ಬೆಳಿಗ್ಗೆ ಹೊಳೆಯ ಮೆಟ್ಟಿಲುಗಳ ಮೇಲೆ ಮಂಜು ಇನ್ನೂ ಇರುವಾಗಲೇ ಚನ್ನಾಜಮ್ಮ ಸ್ನಾನ ಮುಗಿಸಿ ಬಿಂದಿಗೆಯನ್ನು ಮುಳುಗಿಸುತ್ತಾಳೆ. ಅದನ್ನು ಮೇಲಿಟ್ಟು, ನೀಲಿ ಕೊಡವನ್ನು ಹತ್ತಿರಕ್ಕೆ ಎಳೆದು, ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಒದ್ದೆ ಬೆರಳುಗಳಿಂದ ಅದರ ಹೊಟ್ಟೆಗೆ ಮೂರು ಗೆರೆ ಎಳೆಯುತ್ತಾಳೆ. ಆಮೇಲೆ ಕೊಡವನ್ನು ನೀರಿಗೆ ಅದ್ದುತ್ತಾಳೆ. ತುಂಬಿ ಮೇಲೆ ಬರುವಾಗ ಗೆರೆಗಳು ಕರಗಿ, ನೀಲಿಯ ಮೇಲೆ ತೆಳ್ಳಗೆ ಬೆಳ್ಳಗೆ ಇಳಿಯುತ್ತಿರುತ್ತವೆ.